ಗೋರೆಗಾಂವಿನ ಟೆರೇಸಿನಲ್ಲಿ ಗಾಜು ತೊಳೆದ ದಿನ

ಬೆಳಿಗ್ಗೆ ಒಂಬತ್ತಕ್ಕೆ ಮೊಮ್ಮಗಳು ಸ್ನೇಹಾಳ ಜೊತೆ ಸಯನ್ ಸ್ಟೇಷನ್ನಿನಲ್ಲಿ ಲೋಕಲ್ ಹತ್ತಿದೆ. ಹತ್ತು ರೂಪಾಯಿ ಟಿಕೇಟು. ದಾದರಿನಲ್ಲಿ ಇಳಿದು ಗೋರೆಗಾಂವ್ ಗಾಡಿ ಹಿಡಿದೆವು. ಮಗ ಬೇಡ ಎಂದಿದ್ದ, ಸೊಸೆ ನನ್ನ ಮೊಣಕಾಲು ನೆನಪಿಸಿದ್ದಳು. ನಾನು ಯಾರ ಮಾತನ್ನೂ ಕೇಳಲಿಲ್ಲ. ಬಿಸಿಲಿನಿಂದ ಕರೆಂಟು ಮಾಡುವ ಪ್ಯಾನೆಲ್ಲುಗಳನ್ನು ತಾನೇ ತೊಳೆಯುವ ಮಷಿನ್ನನ್ನು ಸ್ನೇಹಾ ಅಲ್ಲೊಂದು ಬಿಲ್ಡಿಂಗಿನ ಮೇಲೆ ಕೂರಿಸಿದ್ದಳು. ಅಂದು ಅದರ ಪರೀಕ್ಷೆ. ಸೊಸೈಟಿಯವರು ಒಪ್ಪಿದರೆ ಅವಳ ನೌಕರಿ ಕಾಯಂ, ಇಲ್ಲದಿದ್ದರೆ ಇಲ್ಲ. ನಮ್ಮ ಮನೆತನದಲ್ಲಿ ಪಾನಾ, ಸ್ಕ್ರೂಡ್ರೈವರ್ ಹಿಡಿದ ಮೊದಲ ಹೆಣ್ಣು ಅವಳು. ರೈಲಿನ ಲೇಡೀಸ್ ಡಬ್ಬಿಯಲ್ಲಿ ಕೂತವರಿಗೆಲ್ಲ ಹೇಳಿಕೊಂಡು ಹೋದೆ.

ಏಳನೇ ಮಹಡಿಯವರೆಗೆ ಲಿಫ್ಟು, ಮುಂದೆ ಮೆಟ್ಟಿಲು. ಪ್ಯಾನೆಲ್ ಸಾಲಿನ ಅಂಚಿಗೆ ಹಳಿ, ಹಳಿಯ ಮೇಲೆ ಉದ್ದನೆಯ ಬ್ರಶ್ಶು, ಪಕ್ಕದಲ್ಲಿ ನೀರಿನ ಪೈಪು. ಗಾಜಿನ ತುಂಬ ಧೂಳು, ಪಾರಿವಾಳದ ಹಿಕ್ಕೆ. ನಾನು ಮಷಿನ್ನಿಗೆ ಕುಂಕುಮ ಹಚ್ಚಿದೆ.

ಸೊಸೈಟಿಯ ಸೆಕ್ರೆಟರಿ, ಉಡುಪಿ ಕಡೆಯವರು, ಕಮಿಟಿಯವರೊಡನೆ ಬಂದಾಗ ಹನ್ನೆರಡೂವರೆ.

"ಎಂತ, ಇನ್ನೂ ಶುರು ಮಾಡ್ಲಿಲ್ವಾ? ನನಗೆ ಎರಡಕ್ಕೆ ಮೀಟಿಂಗ್ ಉಂಟು. ಬಿಡಿ ನೀರು."

"ಅಂಕಲ್, ಅಭೀ ನಹೀ," ಎಂದಳು ಸ್ನೇಹಾ. "ಗಾಜು ಭಾಳ ಕಾದೈತಿ. ಆರಕ್ಕ ಟೈಮಿಂಗ್ ಇಟ್ಟೀನಿ, ತಾನೇ ಶುರು ಆಗ್ತೈತಿ."

"ಆಟೋಮ್ಯಾಟಿಕ್ ಅಂತ ಹೇಳಿ ಅದಕ್ಕೂ ಮುಹೂರ್ತವಾ ಮಾರಾಯ್ತಿ?"

ಎಲ್ಲರೂ ನಕ್ಕರು. ಸೆಕ್ರೆಟರಿ ತಾವೇ ನಲ್ಲಿಯ ಕಡೆ ನಡೆದರು. ನಾನು ಹೋಗಿ ನಲ್ಲಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕುಳಿತೆ.

"ಏಳಿ ಅಜ್ಜಿ. ಇದರದ್ದೆಲ್ಲ ನಿಮಗೆಂತ ಗೊತ್ತುಂಟು?"

"ಮಷಿನ್ ಗೊತ್ತಿಲ್ರಿ, ಗಾಜು ಗೊತ್ತೈತಿ. ಸಣ್ಣಾಕಿ ಇದ್ದಾಗ ಉರಿಯೋ ಕಂದೀಲದ ಗಾಜಿಗೆ ತಣ್ಣೀರು ಸಿಡಿಸಿದ್ದೆ. ಚಟ್ ಅಂತ ಸೀಳ್ತು. ನಮ್ಮಪ್ಪ ಹೊಡದದ್ದು ಇನ್ನೂ ನೆನಪೈತಿ. ನಿಮ್ಮ ಅಂಗೈ ಇಡ್ರಿ ಅದರ ಮ್ಯಾಲ, ನಾ ಹತ್ತು ಎಣಸ್ತೀನಿ."

ಕಮಿಟಿಯ ಎದುರು ಹಿಂಜರಿಯಲಾಗದೆ ಇಟ್ಟರು. ನಾನು ಮೂರು ಎನ್ನುವಷ್ಟರಲ್ಲಿ ತೆಗೆದರು.

"ಆರಕ್ಕೆ ಬರ್ತೇನೆ. ಕೊಳೆ ಹೋಗದಿದ್ರೆ ಮಷಿನೂ ಕೆಳಗೆ, ನೀವೂ ಕೆಳಗೆ."

"ಬರ್ರಿ, ಇಲ್ಲೇ ಇರ್ತೀವಿ."

ಟ್ಯಾಂಕಿನ ನೆರಳಿನಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ಸ್ನೇಹಾಳಿಗೆ ತುತ್ತು ಇಳಿಯಲಿಲ್ಲ. ಅವಳ ಪಾಲಿನದೂ ನಾನೇ ತಿಂದೆ.

"ಆಯಿ, ನಿನಗ ಡರ್ ಇಲ್ಲೇನು?"

"ನೀ ಮಾಡಿದ್ದಕ್ಕ ನಾ ಯಾಕ ಅಂಜಲಿ?"

ಆರಕ್ಕೆ ಗಾಜು ತಣ್ಣಗಾಗಿತ್ತು. ಯಾರೂ ಮುಟ್ಟಲಿಲ್ಲ, ನೀರು ಚಿಮ್ಮಿತು, ಬ್ರಶ್ಶು ತಿರುಗುತ್ತ ಹೊರಟಿತು. ಮೊದಲ ಸಲ ಹಿಕ್ಕೆ ಗೆರೆಗೆರೆಯಾಗಿ ಹರಡಿತು. ಸೆಕ್ರೆಟರಿ ನನ್ನನ್ನು ನೋಡಿದರು, ನಾನೂ ಅವರನ್ನೇ ನೋಡಿದೆ. ಬ್ರಶ್ಶು ತುದಿ ಮುಟ್ಟಿ ಹಿಂದಿರುಗಿತು. ಅದು ಬಂದ ದಾರಿಯುದ್ದಕ್ಕೂ ಗಾಜು ಸ್ವಚ್ಛವಾಗಿ ಅದರಲ್ಲಿ ಮೋಡ ಕಾಣಿಸಿತು.

ಅವರು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು. "ಮಧ್ಯಾಹ್ನ ನನ್ನಂಥವ ಯಾರಾದ್ರೂ ನಲ್ಲಿ ತಿರುಗಿಸಿದ್ರೆ? ಗೋಡೆ ಮೇಲೆ ಬರ್ದು ಹೋಗಿ," ಎಂದರು. ವಾಚ್‌ಮನ್ ತಂದ ಬಣ್ಣದಲ್ಲಿ ಸ್ನೇಹಾ ಹಿಂದಿಯಲ್ಲೂ ಮರಾಠಿಯಲ್ಲೂ ಬರೆದಳು. ಕನ್ನಡ ಬರೆಯಲು ಅವಳಿಗೆ ಬಾರದು. ಕುಂಚ ಕಸಿದುಕೊಂಡೆ.

"ಇಲ್ಲಿ ಕನ್ನಡ ಯಾರು ಓದ್ತಾರೆ ಅಜ್ಜಿ?"

"ನೀವು ಓದ್ರಿ."

'ಗಾಜು ಕಾದಾಗ ನೀರು ಬಿಡಬಾರದು' ಎಂದು ಬರೆದೆ. ಶಾಲೆಯಲ್ಲಿ ಮೂರನೇ ಇಯತ್ತೆವರೆಗೆ ಕಲಿತ ಅಕ್ಷರ, ಸಾಲು ಕೆಳಗಿಳಿದಿತ್ತು. ರಿಕ್ಷಾ ಹತ್ತುವ ಮೊದಲು ತಲೆಯೆತ್ತಿ ನೋಡಿದೆ. ಕೆಳಗಿನಿಂದ ಏನೂ ಕಾಣುವುದಿಲ್ಲ. ಆದರೂ ಅದು ಅಲ್ಲಿದೆ. ಅಳಿಸಲು ಹೋದವರೂ ಮೊದಲು ಓದಬೇಕು.