ಗೋದಿ ಹುಲಿಗೆಪ್ಪ

ಕೊಪ್ಪಳದ ಧಾನ್ಯದ ಪೇಟೆಯಲ್ಲಿ ಬರೀ ‘ಹುಲಿಗೆಪ್ಪಾ’ ಎಂದು ಕೂಗಿದರೆ ಹತ್ತು ಮಂದಿ ತಿರುಗಿ ನೋಡುತ್ತಿದ್ದರು. ಹುಲಿಗೆಮ್ಮನ ಸೀಮೆಯಲ್ಲಿ ಹುಲಿಗೆಪ್ಪರಿಗೇನು ಬರವೇ? ಆದರೆ ‘ಗೋದಿ ಹುಲಿಗೆಪ್ಪಾ’ ಎಂದು ಕೂಗಿದರೆ ಚೀಲಗಳ ಹಿಂದಿನಿಂದ ಒಂದೇ ಒಂದು ಕೆಂಪು ರುಮಾಲು ಮೇಲೇಳುತ್ತಿತ್ತು. ಹೊಸಬರು ಇವನು ಗೋಧಿ ಚೀಲ ಹೊರುವವನಿರಬೇಕು ಎಂದುಕೊಳ್ಳುತ್ತಿದ್ದರು. ಅದು ಜೋಳ ತಿಂದು, ಜೋಳದ ಚೀಲವನ್ನೇ ಹೊತ್ತು ಬೆಳೆದ ಜೀವ. ಗೋಧಿಯ ಮುಖ ಕಾಣುತ್ತಿದ್ದದ್ದು ವರ್ಷಕ್ಕೆ ಒಂದೆರಡು ಸಲ, ಯಾರದೋ ಮದುವೆಯ ಹುಗ್ಗಿಯಲ್ಲಿ. ಹೆಸರು ಬಂದ ಕಥೆಯೇ ಬೇರೆ. ಅದು ನಡೆದದ್ದು ಕೊಪ್ಪಳದಲ್ಲೂ ಅಲ್ಲ, ಬೊಂಬಾಯಿಯಲ್ಲಿ.

ಹುಲಿಗೆಪ್ಪ ಹಮಾಲ. ಬೆಳಗ್ಗೆ ಪೇಟೆ, ರೈಲು ಬರುವ ಹೊತ್ತಿಗೆ ಸ್ಟೇಷನ್ನು. ಮೂರು ವರ್ಷದವನಿದ್ದಾಗ ತಾಯಿ ತೀರಿಹೋಗಿದ್ದಳು. ಅವಳ ಮುಖ ಹೇಗಿತ್ತೆಂದು ಕೇಳಿದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಸೋದರತ್ತೆ ಸಾಕಿದಳು, ಬೈದಳು, ಹೊಳಿಯಮ್ಮನನ್ನು ತಂದು ಮದುವೆ ಮಾಡಿದಳು. ಓದು ಬರಹ ಅವನ ತಲೆಗೆ ಹತ್ತಲಿಲ್ಲ, ಚೀಲ ಹತ್ತಿತು. ಅವನಿಗಿದ್ದ ಜಂಬ ಎರಡೇ. ಒಂದು, ಅವನು ಹಗ್ಗಕ್ಕೆ ಹಾಕುವ ಗಂಟು. ಅದನ್ನು ಬಿಚ್ಚಬೇಕಾದರೆ ಅವನೇ ಬರಬೇಕು, ಇಲ್ಲವೇ ಕೊಡಲಿ ಬರಬೇಕು. ಇನ್ನೊಂದು, ಒಮ್ಮೆ ಹೊತ್ತ ಸಾಮಾನನ್ನು ಒಡೆಯನ ಕಣ್ಣೆದುರಿಗೆ ಇಳಿಸದ ಹೊರತು ಅವನು ಅದರಿಂದ ಕೈ ತೆಗೆಯುತ್ತಿರಲಿಲ್ಲ.

1937ರ ಜನವರಿಯಲ್ಲಿ, ಸಂಕ್ರಾಂತಿಯ ಆಸುಪಾಸು, ಕುಷ್ಟಗಿಯಿಂದ ಯಮನೂರಸಾಬನೂ ಅವನ ಹೆಂಡತಿ ಗೌಸಬೀಯೂ ಐದು ಗಂಟುಗಳ ಜೊತೆ ಸ್ಟೇಷನ್ನಿಗೆ ಬಂದಿಳಿದರು. ಯಮನೂರಸಾಬ ಪಿಂಜಾರ; ಹತ್ತಿ ಹಿಂಜಿ, ಗಾದಿ ಹೊಲಿದು, ನಲವತ್ತು ವರ್ಷ ಜೀವ ತೇದು ಹಜ್ ಯಾತ್ರೆಗೆ ಹೊರಟಿದ್ದ. ಮಕ್ಕಳಿಲ್ಲ. ಕಳಿಸಲು ಬಂದ ನೆಂಟರು ಕೊಪ್ಪಳದಲ್ಲೇ ಕೈ ಮುಗಿದು ನಿಂತರು. ಬೊಂಬಾಯಿಯ ದಾರಿ ಯಾರಿಗೂ ಗೊತ್ತಿರಲಿಲ್ಲ.

ಹುಲಿಗೆಪ್ಪ ಗಂಟುಗಳನ್ನೆಲ್ಲ ರೈಲಿನ ಡಬ್ಬಿಗೆ ಏರಿಸಿ, ಕಬ್ಬಿಣದ ಟ್ರಂಕಿಗೆ ಹಗ್ಗ ಬಿಗಿದು ತನ್ನ ಗಂಟು ಹಾಕಿ, ಇಳಿಯಲು ಹೊರಟ. ಗೌಸಬೀ ಅವನ ರುಮಾಲಿನ ತುದಿಯನ್ನು ಹಿಡಿದುಕೊಂಡಳು.

“ಯಪ್ಪಾ, ಏರಿಸಿದಿ, ಛಲೋ ಆತು. ಇಳಸಾವರು ಯಾರು?”

“ಅಲ್ಲೂ ಹಮಾಲರು ಇರತಾರ ಬಿಡ ಯವ್ವಾ.”

“ಇರತಾರ. ಆದ್ರ ಅವರು ನನಗ ಯವ್ವಾ ಅಂತಾರೇನು?”

ಗಾರ್ಡು ಸೀಟಿ ಊದಿದ. ಗದಗಿನಾಚೆ ಕಾಲಿಡದ ಹುಲಿಗೆಪ್ಪ, ಹೆಂಡತಿಗೆ ಹೇಳಿ ಕಳಿಸುವಂತೆ ಪ್ಲಾಟ್‌ಫಾರ್ಮಿನಲ್ಲಿದ್ದ ಇನ್ನೊಬ್ಬ ಹಮಾಲನಿಗೆ ಕೂಗಿ, ಟ್ರಂಕಿನ ಮೇಲೆ ಕುಳಿತೇಬಿಟ್ಟ. “ಹಡಗದಾಗ ನಿಮ್ಮ ಸಾಮಾನಾ ಇಟ್ಟಮ್ಯಾಲೇ ನಾ ತಿರುಗಿ ಬರಾವ” ಎಂದ. ಹುಬ್ಬಳ್ಳಿ ದಾಟಿತು, ಪುಣೆಯಲ್ಲಿ ಗಾಡಿ ಬದಲಾಯಿತು, ಮಾತು ಮಾತ್ರ ಬದಲಾಗಲಿಲ್ಲ.

ಬೊಂಬಾಯಿ ಹುಲಿಗೆಪ್ಪನನ್ನು ಹೆದರಿಸಲಿಲ್ಲ, ರೇಗಿಸಿತು. ಅಲ್ಲಿ ಅವನ ದಾರಿಗೆ ಯಾರೂ ಸರಿಯುತ್ತಿರಲಿಲ್ಲ. ಕೊಪ್ಪಳದಲ್ಲಿ ಹೊರೆ ಹೊತ್ತವನು ‘ಹೋಶ್’ ಎಂದರೆ ತಹಸೀಲ್ದಾರರೂ ಪಕ್ಕಕ್ಕೆ ನಿಲ್ಲುತ್ತಾರೆ. ಇಲ್ಲಿ ಟ್ರಾಂ ಗಂಟೆ ಹೊಡೆದು ಇವನನ್ನೇ ಸರಿಸುತ್ತಿತ್ತು. ಆದರೂ ತಲೆಯ ಮೇಲೆ ಟ್ರಂಕು, ಟ್ರಂಕಿನ ಮೇಲೆ ಗಾದಿ, ಎರಡು ಕೈಗೆ ಎರಡು ಗಂಟು. ರೊಟ್ಟಿಯ ಬುಟ್ಟಿ ಮಾತ್ರ ಯಮನೂರಸಾಬನ ಪಾಲಿಗೆ. ಹೀಗೆ ಯಾತ್ರಿಕರು ಇಳಿದುಕೊಳ್ಳುವ ಮುಸಾಫಿರಖಾನೆ ಸೇರಿದರು. ಹಡಗಿನ ಟಿಕೇಟು, ಯಾತ್ರೆಯ ಪರವಾನಗಿ ಎಲ್ಲ ಟ್ರಂಕಿನ ತಳದಲ್ಲಿದ್ದವು. ಬೊಂಬಾಯಿ ಎಂದರೆ ಜೇಬುಗಳ್ಳರ ಊರು ಎಂದು ಯಾರೋ ಯಮನೂರಸಾಬನ ಕಿವಿಯೂದಿದ್ದರು. ಕೀಲಿ ಗೌಸಬೀಯ ಕೊರಳಲ್ಲಿತ್ತು.

ಮೂರನೆಯ ದಿನ ಸಂಜೆ ನಾಲ್ಕಕ್ಕೆ ಹಡಗು. ಬೆಳಗ್ಗೆ ಯಾತ್ರಿಕರೆಲ್ಲ ಸರದಿಯಲ್ಲಿ ದವಾಖಾನೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಬೇಕಿತ್ತು. ಸಮುದ್ರಕ್ಕೆ ಹೆದರದ ಗೌಸಬೀ ಸೂಜಿಗೆ ಹೆದರಿದಳು. “ನೀ ಬಂದು ಕೈ ಹಿಡದ್ರ ಚುಚ್ಚಿಸ್ಕೊತೀನಿ” ಎಂದಳು. ಹುಲಿಗೆಪ್ಪ ಜೀವಮಾನದಲ್ಲಿ ಮೊದಲ ಸಲ ಹೊರೆಯನ್ನು ಬಿಟ್ಟು ಹೋದ. ಅಲ್ಲೇ ಎಡವಟ್ಟಾಯಿತು.

ಮೂವರೂ ಮರಳುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಮುಸಾಫಿರಖಾನೆ ಖಾಲಿ. ಯಾತ್ರಿಕರೂ ಇಲ್ಲ, ಸಾಮಾನೂ ಇಲ್ಲ. ಬಾಗಿಲ ಕಾವಲುಗಾರನೊಬ್ಬ ಊಟಕ್ಕೆ ಹೊರಟಿದ್ದ. “ಸಬ್ ಸಾಮಾನ್ ಗೋದಿ ಮೇಂ ಗಯಾ” ಎಂದವನೇ ಬೀಗ ಜಡಿದು ಗುಂಪಿನಲ್ಲಿ ಮಾಯವಾದ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಕಿವಿಗೂ ಒಂದು ಕಾಮಾಲೆ ಇರುತ್ತದೆ. ಪಿಂಜಾರ ಯಮನೂರಸಾಬ ತಲೆಯ ಮೇಲೆ ಕೈ ಹೊತ್ತು ಕುಳಿತ. “ಗಾದಿ ಅಂದನಲ್ಲೋ! ನನ್ನ ಗಾದಿ ಮ್ಯಾಲೇ ಕಣ್ಣು ಬಿತ್ತಪಾ ಅವರದು. ಯಾವದರ ಗಾದಿ ಅಂಗಡಿಗೆ ಹೊತಗೊಂಡ ಹೋಗ್ಯಾರ.”

“ಗಾದಿ ಅಲ್ರಿ, ಗೋದಿ ಅಂದಾನ,” ಎಂದಳು ಗೌಸಬೀ. ರಾಯಚೂರಿನ ಕಡೆಯವಳು, ತೌರಿನ ಉರ್ದು ಅವಳಿಗೆ ಬರುತ್ತಿತ್ತು. “ನಮ್ಮ ಮಾತಿನ್ಯಾಗ ಗೋದಿ ಅಂದ್ರ ತೊಡಿ. ತಾಯಿ ಕೂಸಿನ್ನ ಕುಂದ್ರಿಸಿಕೊಂತಾಳಲ್ಲ, ಅದು. ಐದ ಗಂಟು ಯಾವ ಪುಣ್ಯಾತ್ಗಿತ್ತಿ ತೊಡಿ ಮ್ಯಾಲ ಇಟ್ಟಾರೋ!”

ಹುಲಿಗೆಪ್ಪ ನಕ್ಕ. ಇಬ್ಬರಿಗೂ ವಯಸ್ಸಾಯಿತು ಎಂದುಕೊಂಡ. “ಸಾಬ್ರ, ಯವ್ವಾ, ಗೋದಿ ಅಂದ್ರ ಗೋದಿ. ಹೋಳಿಗಿ ಮಾಡತಾರಲ್ಲ, ಅದು. ಸಾಮಾನಾ ಗೋದಿ ಪ್ಯಾಟಿಗೆ ಹೋಗೈತಿ. ಪ್ಯಾಟಿ ಅಂದ್ರ ನನಗ ಬಿಟ್ಟುಬಿಡ್ರಿ.”

ವಿಕ್ಟೋರಿಯಾ ಎಂದು ಅಲ್ಲಿನವರು ಕರೆಯುವ ಕುದುರೆಗಾಡಿಯೊಂದನ್ನು ನಿಲ್ಲಿಸಿದ. ಬರೀ ‘ಗೋದಿ’ ಎಂದು ಸುಮ್ಮನಿದ್ದರೆ ಗಾಡಿಯವನು ನೆಟ್ಟಗೆ ಒಯ್ಯಬೇಕಾದಲ್ಲಿಗೇ ಒಯ್ಯುತ್ತಿದ್ದ. ಆದರೆ ಹುಲಿಗೆಪ್ಪನಿಗೆ ಜಾಣತನ ಉಕ್ಕಿಬಂತು. ಪರವೂರಿನವನಿಗೆ ಸರಿಯಾಗಿ ತಿಳಿಯಲಿ ಎಂದು ಒಂದು ಅಂಗೈಯ ಮೇಲೆ ಇನ್ನೊಂದು ಅಂಗೈ ತಟ್ಟಿ ಚಪಾತಿ ಮಾಡಿ ತೋರಿಸಿದ, ಬೆನ್ನು ಬಗ್ಗಿಸಿ ಚೀಲ ಹೊತ್ತು ತೋರಿಸಿದ. ಗಾಡಿಯವನು ತಲೆಯಾಡಿಸಿ ಕುದುರೆಯನ್ನು ದಾಣಾಬಂದರದ ಕಾಳಿನ ಗೋದಾಮುಗಳತ್ತ ತಿರುಗಿಸಿದ. ಕೋತಿ ತಾನು ಕೆಡುವುದಲ್ಲದೆ ವನವನ್ನೂ ಕೆಡಿಸಿತ್ತು.

ಅಲ್ಲಿ ಗೋಧಿಯೇನೋ ಇತ್ತು, ಬೆಟ್ಟದಷ್ಟಿತ್ತು. ಟ್ರಂಕು ಇರಲಿಲ್ಲ. ಹುಲಿಗೆಪ್ಪ ಒಂದು ಗೋದಾಮು ಹೊಕ್ಕ, ಇನ್ನೊಂದು ಹೊಕ್ಕ, ಮೂರನೆಯದರಿಂದ ಹೊರಬಂದಾಗ ಅವನ ಮುಖದ ನಗು ಸತ್ತಿತ್ತು. ಎಲ್ಲಿಂದಲೋ ಎರಡು ಗಂಟೆ ಬಡಿಯಿತು. ಯಮನೂರಸಾಬ ಗಾಡಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ. ಬೈದಿದ್ದರೆ ಚೆನ್ನಾಗಿತ್ತು. ನಲವತ್ತು ವರ್ಷ ಹತ್ತಿಯ ಧೂಳು ಕುಡಿದ ಮುದುಕನ ಹಜ್ಜನ್ನು ನಾನೊಬ್ಬ ಹಮಾಲ ಹಾಳು ಮಾಡಿದೆನಲ್ಲ ಎಂದುಕೊಳ್ಳುತ್ತ ಹುಲಿಗೆಪ್ಪ ನಾಲ್ಕನೆಯ ಗೋದಾಮಿನತ್ತ ತಿರುಗಿದ.

“ಏ ಯಪ್ಪಾ, ಯಾವೂರು ನಿಂದು?”

ಕನ್ನಡ! ಗೋಧಿ ಚೀಲದ ಕೆಳಗಿನಿಂದ ಒಬ್ಬ ಹಮಾಲ ಇಣುಕಿದ. ದ್ಯಾವಪ್ಪನೆಂದು ಹೆಸರು, ಸೊಲ್ಲಾಪುರದವನು. ಗೌಸಬೀ “ಯಾ ಅಲ್ಲಾ, ಈಗ ಏನ ಮಾಡೋದೋ ಹುಲಿಗೆಪ್ಪಾ” ಎಂದು ಅಂದದ್ದು ಅವನ ಕಿವಿಗೆ ಬಿದ್ದಿತ್ತು. ಹುಲಿಗೆಪ್ಪ ನಡೆದದ್ದನ್ನೆಲ್ಲ ಒದರಿದ. ಕೇಳುತ್ತ ಕೇಳುತ್ತ ದ್ಯಾವಪ್ಪ ಚೀಲ ಇಳಿಸಿ ನೆಲಕ್ಕೆ ಕುಳಿತು ಹೊಟ್ಟೆ ಹಿಡಿದುಕೊಂಡ.

“ತಿನ್ನೂ ಗೋದಿ ಅಲ್ಲೋ ಮಾರಾಯಾ! ಇಲ್ಲಿ ಗೋದಿ ಅಂದ್ರ ಹಡಗ ನಿಲ್ಲೂ ಧಕ್ಕೆ. ಸಾಮಾನಾ ಹಡಗದ ಹತ್ರನ ಹೋಗೈತಿ, ನೀವ ಇಲ್ಲಿ ಕುಂತೀರಿ!”

ಕುದುರೆಗಾಡಿ ಸುತ್ತುಹಾಕಿ ಹೋಗಬೇಕು, ಹೊತ್ತಾಗುತ್ತದೆ. ಒಳದಾರಿ ದ್ಯಾವಪ್ಪನಿಗೆ ಗೊತ್ತು, ಆದರೆ ಅದು ಕೈಗಾಡಿಯ ದಾರಿ. ಹಾಗಾಗಿ ಕುಷ್ಟಗಿಯ ಯಮನೂರಸಾಬ ಮತ್ತು ಗೌಸಬೀ ಹಡಗು ಹತ್ತಲು ಹೊರಟದ್ದು ಗೋಧಿಯ ಖಾಲಿ ಚೀಲಗಳ ಮೇಲೆ, ಕಾಳಿನ ಕೈಗಾಡಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕುಳಿತು. ಮುಂದೆ ದ್ಯಾವಪ್ಪ ಎಳೆಯುತ್ತಿದ್ದ, ಹಿಂದೆ ಹುಲಿಗೆಪ್ಪ ನೂಕುತ್ತಿದ್ದ. “ಹೋಶ್! ಹೋಶ್!” ಎಂದು ಅವನು ಕೊಪ್ಪಳದ ಗಂಟಲಿನಲ್ಲಿ ಕೂಗಿದ. ಈ ಸಲ ಬೊಂಬಾಯಿ ದಾರಿ ಬಿಟ್ಟಿತು. ಯಮನೂರಸಾಬನಿಗೆ ಮೊದಲು ನಗು ಬಂತು, ಆಮೇಲೆ ಗೌಸಬೀಗೆ, ಕೊನೆಗೆ ಕೈಗಾಡಿಯೇ ನಗುತ್ತ ಓಡಿತು.

ಧಕ್ಕೆಯಲ್ಲಿ ಇನ್ನೊಂದು ಕಷ್ಟ ಕಾದಿತ್ತು. ಸಾವಿರ ಯಾತ್ರಿಕರ ಸಾಮಾನು ಒಂದೇ ರಾಶಿ. ಕಪ್ಪು ಟ್ರಂಕುಗಳೇ ನೂರಾರು, ಎಲ್ಲದರ ಮೇಲೂ ಬಿಳಿ ಬಣ್ಣದ ಹೆಸರು. ಹೆಸರು ಓದುವವರು ಹೆಸರು ಹುಡುಕಲಿ. ಹುಲಿಗೆಪ್ಪ ರಾಶಿಯ ಮೇಲೆ ಹತ್ತಿ, ಕಣ್ಣು ಮುಚ್ಚಿಕೊಂಡವನಂತೆ ಹಗ್ಗಗಳ ಮೇಲೆ ಬೆರಳಾಡಿಸುತ್ತ ಹೋದ. ಎಂಥೆಂಥದೋ ಗಂಟುಗಳು, ಎಳೆದರೆ ಜಾರುವ ನಾಚಿಕೆಗೆಟ್ಟ ಗಂಟುಗಳು. ಒಂದು ಕಡೆ ಬೆರಳು ತಡೆಯಿತು.

“ಸಿಕ್ತು! ಇದು ನನ್ನ ಗಂಟು!”

ಹಗ್ಗ ಬಿಚ್ಚಿ, ಟ್ರಂಕಿನ ತಳದಿಂದ ಟಿಕೇಟು ತೆಗೆಸಿ, ಮತ್ತೆ ಬಿಗಿದ. ಸಾಹೇಬನೊಬ್ಬ ಟಿಕೇಟಿಗೆ ಮುದ್ರೆ ಒತ್ತಿದಾಗ ಮೂರೂವರೆ ಆಗಿತ್ತು. ಹುಲಿಗೆಪ್ಪ ಐದೂ ಗಂಟುಗಳನ್ನು ಹಡಗಿನೊಳಗೆ ಒಯ್ದು, ಗೌಸಬೀಯ ಕಣ್ಣೆದುರಿಗೇ ಇಳಿಸಿ, ಟ್ರಂಕಿನ ಹಗ್ಗ ಬಿಚ್ಚಿಕೊಟ್ಟು ಕೆಳಗಿಳಿದು ಬಂದ. ಹಡಗು ದಡ ಬಿಡುವಾಗ ಮೇಲಿನಿಂದ ಮುದುಕಿಯ ದನಿ ಕೇಳಿತು. “ಏ, ನನ್ನ ಗೋದಿ ಹುಲಿಗೆಪ್ಪಾ! ಹುಷಾರಾಗಿ ಹೋಗೋ!” ಗೋಧಿ ಪೇಟೆಗೆ ಕರೆದೊಯ್ದದ್ದಕ್ಕೆ ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡು ಅವನೂ ನಕ್ಕು ಕೈ ಬೀಸಿದ. ಊರಿಗೆ ಬಂದು ತನ್ನ ಪೆದ್ದತನವನ್ನು ತಾನೇ ಪೇಟೆಯ ತುಂಬ ಸಾರಿದ. ಹೆಸರು ಅಂಟಿಕೊಂಡಿತು.

ಏಪ್ರಿಲ್‌ನ ಒಂದು ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಕೊಪ್ಪಳ ಸ್ಟೇಷನ್ನಿನಲ್ಲಿ ಇಳಿದರು. ಹುಲಿಗೆಪ್ಪ ಓಡಿಹೋಗಿ ಟ್ರಂಕನ್ನು ತಲೆಗೇರಿಸಿದ.

“ಬಂದ್ಯಾ ನನ್ನ ಗೋದಿ ಹುಲಿಗೆಪ್ಪಾ!” ಎಂದಳು ಗೌಸಬೀ.

“ಇನ್ನೂ ಎಷ್ಟ ದಿನ ನಗತೀಬೇ ಯವ್ವಾ? ಗೋದಿ ಅಂದ್ರ ಧಕ್ಕೆ ಅನ್ನೂದು ಈಗ ನಮ್ಮ ಓಣಿ ಕೋಳಿಗೂ ಗೊತ್ತೈತಿ.”

“ನಾ ಯಾವಾಗ ನಕ್ಕೆ? ಅವತ್ತ ಮುಸಾಫಿರಖಾನಿ ಮುಂದ ಗೋದಿ ಅಂದ್ರ ಏನಂತ ಹೇಳಿದ್ದೆ ನಾನು? ಮರತೇನು?”

ಹುಲಿಗೆಪ್ಪ ನೆನಪು ಮಾಡಿಕೊಂಡ. ತೊಡಿ. ತಾಯಿ ಕೂಸಿನ್ನ ಕುಂದ್ರಿಸಿಕೊಳ್ಳುವುದು.

“ನಲವತ್ತ ವರ್ಷ ಖಾಲಿ ಇತ್ತಪಾ ನನ್ನ ಗೋದಿ,” ಎಂದಳು ಮುದುಕಿ. “ಅಲ್ಲಿ ಹೋಗಿ ಮಗನ್ನ ಕೊಡು ಅಂತ ಬೇಡಲಿಲ್ಲ. ಕೊಟ್ಟಿಯಲ್ಲ, ಶುಕರ್, ಉಪಕಾರ ಆತು ಅಂತ ಹೇಳಿ ಬಂದೆ.”

ತಲೆಯ ಮೇಲೆ ಟ್ರಂಕು, ಎರಡೂ ಕೈ ಮೇಲೆ. ಹುಲಿಗೆಪ್ಪನಿಗೆ ಕಣ್ಣೊರೆಸಿಕೊಳ್ಳಲು ಕೈಯಿರಲಿಲ್ಲ. ನೀರು ಮೀಸೆಯವರೆಗೂ ಇಳಿಯಿತು. ಗೌಸಬೀಯೇ ಸೆರಗಿನಿಂದ ಒರೆಸಿದಳು, ಆಮೇಲೆ ಬಾಯಿಗೊಂದು ಖರ್ಜೂರ ತುರುಕಿದಳು.

ಅಲ್ಲಿಂದ ಮುಂದೆ ಬೊಂಬಾಯಿಯ ಕಥೆ ಹೇಳುವುದನ್ನು ಅವನು ನಿಲ್ಲಿಸಿದ. ನಿನಗೆ ಗೋದಿ ಅಂತ ಯಾಕೆ ಕರೆಯುತ್ತಾರೆ ಎಂದು ಪೇಟೆಗೆ ಬಂದ ಹೊಸಬರು ಕೇಳಿದರೆ, “ಗೋದಿ ಚೀಲಾ ಹೊರತೀನ್ರಿ, ಅದಕ್ಕ,” ಎಂದು ಹೇಳಿ ಜೋಳದ ಚೀಲವನ್ನು ಬೆನ್ನಿಗೇರಿಸಿಕೊಂಡು ಹೊರಟುಬಿಡುತ್ತಿದ್ದ.