ಹೊಸ್ತಿಲ ಮೇಲೆ ಕೂತ ಇಂದ್ರಾಣಿ

ಇಂದ್ರಾಣಿಯ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಸೋಸಲೆಯ ಹಿಟ್ಟಿನ ಮಿಷನ್ ಮುಂದೆ. ರಾಗಿ ಡಬ್ಬ ಇಟ್ಟುಕೊಂಡು ಕೂತಿದ್ದೆ. ಚನ್ನಾಜಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹತ್ತಿರ ಸರಿದಳು.

"ಅಕ್ಕ, ನಿಮ್ಮ ಪಕ್ಕದ್ ಮನೆ ಸಾಕಮ್ಮಂಗೆ ಒಸ್ಲು ಮ್ಯಾಲೆ ಕುಂತ್ಕಳೋ ಸೊಸೆ ಬತ್ತಾಳಂತೆ, ಗೊತ್ತಾ?"

"ಅಂಗಂದ್ರೆ?"

"ಕಾಲಲ್ಲಿ ಸ್ವಾಧೀನ ಇಲ್ಲ ಕಣಕ್ಕ, ಪೋಲಿಯೋ. ಕೈ ಊರ್ಕಂಡು ತೆವಳ್ತಾಳಂತೆ. ಚಿಕ್ಕಯ್ಯನಛತ್ರದಲ್ಲಿ ಬಟ್ಟೆ ಒಲಿಯೋಳು. ಸಾಕಮ್ಮನ ಮಗ ರವಿಕುಮಾರ ಪ್ಯಾಂಟು ಒಲಿಯಕ್ಕೆ ಕೊಟ್ಟಿದ್ನಂತೆ. ಈಗ ಪ್ಯಾಂಟಿನ ಜೊತೆಗೆ ಟೈಲರ್‌ನೂ ತತ್ತಾವ್ನೆ."

ಮಿಷನ್ ಸದ್ದಿನಲ್ಲೂ ಸುತ್ತಲಿದ್ದವರ ನಗು ಕೇಳಿಸಿತು.

ಸಾಕಮ್ಮನ ಮನೆ ಒಂದೇ ಸಲ ಕಟ್ಟಿದ್ದಲ್ಲ. ಜಗಲಿಯಿಂದ ನಡುಮನೆಗೆ ಇಳಿಯಬೇಕು, ನಡುಮನೆಯಿಂದ ಅಡುಗೆಮನೆಗೆ ಇನ್ನೊಂದು ಗೇಣು ಇಳಿಯಬೇಕು, ಬಚ್ಚಲು ಅದಕ್ಕಿಂತ ತಗ್ಗು. ನಡುನಡುವೆ ಹೊಸ್ತಿಲು. ನಮಗೆಲ್ಲ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಕಾಲು ತಾನಾಗಿ ಎತ್ತಿಟ್ಟುಕೊಂಡು ಹೋಗುತ್ತದೆ. ಮದುವೆಯಾಗಿ ಆ ಮನೆಗೆ ಬಂದ ಇಂದ್ರಾಣಿ ಎರಡು ಅಂಗೈಗೂ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಇಳಿಯುವುದು ಸಲೀಸು. ಹತ್ತಬೇಕಾದರೆ ಹಿಂದುಮುಂದಾಗಿ ತಿರುಗಿ, ಕೈಯನ್ನು ಮೇಲಿನ ನೆಲಕ್ಕೆ ಊರಿ, ಸೊಂಟ ಎತ್ತಿ ಹೊಸ್ತಿಲ ಮೇಲೆ ಕೂತು, ಆಮೇಲೆ ಕಾಲುಗಳನ್ನು ಎಳೆದುಕೊಳ್ಳಬೇಕು. ಕೂರದೆ ದಾಟುವ ದಾರಿಯೇ ಇರಲಿಲ್ಲ.

ಸಾಕಮ್ಮ ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು ಅರಿಶಿನ ಕುಂಕುಮ ಇಡುವವಳು.

"ಒಸ್ಲಲ್ಲಿ ಲಕ್ಷ್ಮಿ ಇರ್ತಾಳೆ. ಅವಳ ಮ್ಯಾಲೇ ಕುಂತ್ಕತೀಯಲ್ಲವ್ವ!"

"ನಾನ್ ಬರುವಾಗ ಅವಳೇ ಒಂಚೂರು ಅತ್ಲಾಗ್ ಸರ್ಕಳ್ಲಿ ಬುಡಿ ಅತ್ತೆ. ಅವಳಿಗೆ ಕಾಲು ಅವೆಯಲ್ಲ," ಅಂದಳು ಇಂದ್ರಾಣಿ.

ಸಾಕಮ್ಮ ನಗಲಿಲ್ಲ. ಅಂದಿನಿಂದ ರವಿಕುಮಾರನೇ ಹೆಂಡತಿಯನ್ನು ಎತ್ತಿ ದಾಟಿಸತೊಡಗಿದ. ಅವನು ನಂಜನಗೂಡಿನ ಫ್ಯಾಕ್ಟರಿಗೆ ಶಿಫ್ಟಿಗೆ ಹೋದಾಗ ಅವಳು ಯಾವ ಕೋಣೆಯಲ್ಲಿದ್ದಳೋ ಅಲ್ಲೇ. ಒಂದು ದಿನ ನನ್ನ ರವಿಕೆಗೆ ಗುಂಡಿ ಹಾಕುತ್ತಾ ಹೇಳಿದಳು, "ನೆಲದ ಮ್ಯಾಲಿದ್ರೆ ನಾನು ಎಂಗಸು ದೊಡ್ಡವ್ವ. ಎತ್ತುದ್ರೆ ಮೂಟೆ."

ಕೆಲವು ವರ್ಷದ ಮೇಲೆ ರವಿಕುಮಾರ ಮನೆಗೆ ಟೈಲ್ಸ್ ಹಾಕಿಸಿದ. ಬೀದಿ ಬಾಗಿಲ ಹೊಸ್ತಿಲು ಮುಟ್ಟಕೂಡದು ಎಂದು ತಾಯಿ ಹಟ ಹಿಡಿದಳು. ಅದೊಂದನ್ನು ಬಿಟ್ಟು ಒಳಗಿನವನ್ನೆಲ್ಲ ಒಡೆಸಿದ. ತಗ್ಗಿದ್ದ ಕಡೆ ಜಲ್ಲಿ, ಸಿಮೆಂಟು ತುಂಬಿಸಿ ನಡುಮನೆ, ಅಡುಗೆಮನೆ, ಬಚ್ಚಲು ಎಲ್ಲವನ್ನೂ ಒಂದೇ ಸಮ ಮಾಡಿಸಿದ.

ನೆಲ ಒಣಗಿದ ದಿನ ಇಂದ್ರಾಣಿ ಗೋಡೆಯಾಚೆಯಿಂದ ನನ್ನನ್ನು ಕೂಗಿ ಕರೆದಳು. ಹೋಗಿ ಕೂತೆ. ತಾನೇ ಅಡುಗೆಮನೆಗೆ ಹೋಗಿ ಟೀ ಕಾಸಿ, ಲೋಟವನ್ನು ತಟ್ಟೆಯಲ್ಲಿಟ್ಟು, ತಟ್ಟೆಯನ್ನು ಮುಂದಕ್ಕೆ ತಳ್ಳಿಕೊಂಡು ತಳ್ಳಿಕೊಂಡು ಬಂದಳು. ಒಂದು ತೊಟ್ಟೂ ಚೆಲ್ಲಿರಲಿಲ್ಲ.

"ರೈಲಲ್ ಕುಂತಂಗದೆ ದೊಡ್ಡವ್ವ!" ಅಂದು ಮತ್ತೆ ಬಚ್ಚಲ ತನಕ ಹೋಗಿ ಬಂದಳು, ಅಲ್ಲಿ ಏನೂ ಕೆಲಸವಿಲ್ಲದಿದ್ದರೂ.

ಆದರೆ ಬಚ್ಚಲನ್ನೂ ಸಮ ಮಾಡಿದ್ದೇ ತಪ್ಪಾಯಿತು. ನೀರು ಮೋರಿ ಕಡೆಗೆ ಹರಿಯಲು ನೆಲಕ್ಕೆ ವಾಟ ಕೊಡಬೇಕಿತ್ತು, ಕೊಟ್ಟದ್ದು ಸಾಲಲಿಲ್ಲ. ಸ್ನಾನ ಮಾಡಿದ ನೀರು ಸದ್ದಿಲ್ಲದೆ ಅಡುಗೆಮನೆಗೆ ಬಂದು ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಸಾಕಮ್ಮ ಅದರ ಮೇಲೆ ಕಾಲಿಟ್ಟು ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಬಂದವಳು ಮಂಚದಲ್ಲೇ ಮಲಗಿ, ನೋಡಲು ಬಂದವರಿಗೆಲ್ಲ ಹೇಳುತ್ತಿದ್ದಳು, "ಕಾಲಿಲ್ದೋಳ್ಗೆ ನೆಲ ಸಮ ಮಾಡಕೋಗಿ ನನ್ ಕಾಲೂ ಕಿತ್ಕಂಡ್ರು ಕಣ್ರವ್ವ."

ಇಂದ್ರಾಣಿಯೇ ಗಂಡನಿಗೆ, "ಬಚ್ಚಲಿಗೆ ಅಡ್ಡ ಕಟ್ಟೆ ಕಟ್ಟುಸ್ಬುಡಿ," ಅಂದಳು.

"ಎಲ್ಲಾ ಕಿತ್ತು ವಾಟ ಸರಿಮಾಡುಸ್ತೀನಿ ತಡಿ."

"ಅದು ಆದಾಗ ಆಗ್ಲಿ. ಅಲ್ಲೀಗಂಟ ಅತ್ತೆ ಇನ್ನೊಂದಪ ಬಿದ್ರೆ?"

ಕಟ್ಟೆ ಬಂತು. ಗೇಣೆತ್ತರದ ಕಟ್ಟೆ, ಮೇಲೆ ಟೈಲ್ಸಿನ ಚೂಪು ಅಂಚು. ಒಳಕ್ಕೆ ಇಂದ್ರಾಣಿ ಹೇಗೋ ಹತ್ತಿ ಇಳಿಯುತ್ತಿದ್ದಳು. ಬರುವಾಗ ನೆಲ ಒದ್ದೆ, ಕೈ ಊರಿದರೆ ಜಾರುತ್ತದೆ. ಯಾರಾದರೂ ಕಂಕುಳಿಗೆ ಕೈ ಹಾಕಿ ಎತ್ತಬೇಕು. ಅತ್ತೆ ಮಂಚದಲ್ಲಿ, ಗಂಡ ಶಿಫ್ಟಿನಲ್ಲಿ. ವಾಟ ಸರಿಮಾಡಿಸುವ ಮಾತು ಮುಂದಕ್ಕೆ ಹೋಗುತ್ತಲೇ ಇತ್ತು.

ಬೇಸಿಗೆಯಲ್ಲಿ ನಾನು ಮಜ್ಜಿಗೆ ಕೊಟ್ಟರೆ ತುಟಿಗೆ ಮುಟ್ಟಿಸಿ ಪಕ್ಕಕ್ಕಿಡುತ್ತಿದ್ದಳು. ತುಟಿ ಒಡೆದಿತ್ತು.

"ಯಾಕವ್ವ, ಉಳಿಯಾಗದಾ?"

"ಕುಡುದ್ರೆ ಓಗ್ಬೇಕಲ್ಲ ದೊಡ್ಡವ್ವ."

"ನನ್ನ ಕೂಗು. ಗೋಡೆ ಆಚೇಲೇ ಇವ್ನಿ."

"ನೀವೂ ಮೂಟೆ ಒರಕ್ಕೆ ಬತ್ತೀರಾ? ಮೊದ್ಲು ನಿಮ್ಮ ಸೊಂಟ ನೋಡ್ಕಳಿ." ನಕ್ಕು ಹೊಲಿಗೆ ಮಿಷನ್ನಿನ ಗಾಲಿ ತಿರುಗಿಸಿದಳು. ಬಚ್ಚಲಿಗೆ ಹೋಗುವುದು ಬೆಳಿಗ್ಗೆ ಗಂಡ ಹೊರಡುವ ಮುಂಚೆ ಒಂದು ಸಲ, ಅವನು ಬಂದ ಮೇಲೆ ಒಂದು ಸಲ. ನಡುವೆ ಹನಿ ನೀರು ಕುಡಿಯುತ್ತಿರಲಿಲ್ಲ. ರವಿಕುಮಾರನಿಗೆ ಇದು ತಿಳಿದದ್ದು ಅವಳಿಗೆ ಚಳಿಜ್ವರ ಬಂದು ಮೈ ಊದಿಕೊಂಡ ಮೇಲೆ. ಮೈಸೂರಿನ ಆಸ್ಪತ್ರೆಯಲ್ಲಿ, ಸೋಂಕು ಮೂತ್ರಕೋಶದಿಂದ ಕಿಡ್ನಿಗೆ ಹತ್ತಿ ಬಹಳ ಕಾಲವಾಗಿದೆ ಅಂದರು. ಅವನು ವರಾಂಡದಲ್ಲಿ ಗೋಡೆಗೆ ತಲೆ ಚಚ್ಚಿಕೊಂಡ. ಅವಳು ಊರಿಗೆ ಜೀವಂತ ಮರಳಲಿಲ್ಲ.

ಅವಳು ತೀರಿಹೋಗುವ ಹಿಂದಿನ ದಿನ ಮಧ್ಯಾಹ್ನ ಅವನು ಔಷಧಿ ತರಲು ಹೋಗಿದ್ದಾಗ ಜೊತೆಗೆ ನಾನಿದ್ದೆ. ಕೈಗೆ ಡ್ರಿಪ್ಪು, ಕೆಳಗೆ ಮೂತ್ರಕ್ಕೆ ಪೈಪು; ಎದ್ದು ಹೋಗುವ ಅಗತ್ಯವೇ ಇರಲಿಲ್ಲ. ಅವಳು ಮಗ್ಗುಲಾಗಿ ಮಲಗಿ ನೆಲವನ್ನೇ ನೋಡುತ್ತಿದ್ದಳು.

"ದೊಡ್ಡವ್ವ, ಈ ಮಂಚದಿಂದ ಆ ಬಚ್ಚಲ್ ಗಂಟ ನೋಡಿ. ಒಂದ್ ಒಸ್ಲಿಲ್ಲ, ಒಂದ್ ಕಟ್ಟೆ ಇಲ್ಲ."

"ಊ ಕಣವ್ವ. ಮಲೀಕೋ."

"ನರ್ಸಮ್ಮ ಬರೋದ್ರೊಳ್ಗೆ ನನ್ನ ಒಂದಪ ಕೆಳುಕ್ಕೆ ಬುಡಿ. ಎತ್ಬೇಡಿ, ಕೈ ಕೊಡಿ ಸಾಕು. ನಾನೇ ಓಗ್ಬತ್ತೀನಿ."