ಬಲ್ಕಿಯಾ ಅವರ ಅರ್ಧ ಬಟ್ಟಲು

ಬೆಳಗಿನ ಜಾವ ಕ್ಯಾಸ್ಪಿಯನ್ ಕಡೆಯಿಂದ ಬೀಸುವ ಗಾಳಿಗೆ ತುಟಿಯೆಲ್ಲ ಉಪ್ಪು. ಬುಜಾಚಿಯ ಎಣ್ಣೆಕ್ಷೇತ್ರದ ತಗಡಿನ ಶೆಡ್ಡಿನಲ್ಲಿ ಬಲ್ಕಿಯಾ ಪೀಪಾಯಿಯ ಮೇಲಿನ ಕಂಬಳಿ ಸರಿಸಿ, ಅದರ ಹೊಟ್ಟೆ ಮುಟ್ಟಿ ನೋಡುತ್ತಾರೆ. ಒಂಟೆಗೆ ಹೊದಿಸುವ ಹಳೆಯ ಕಂಬಳಿ ಅದು, ಮನೆಯಿಂದ ತಂದದ್ದು. ಒಳಗಿರುವುದು ಸಾಬೂನಿನ ಜಾತಿಯ ಒಂದು ದ್ರವ. ಚಳಿಗೆ ಹೆಪ್ಪುಗಟ್ಟಿದರೆ ನೀರಿನಲ್ಲಿ ಬೆರೆಯುವುದಿಲ್ಲ.

"ಎದ್ದಿದೆ," ಎನ್ನುತ್ತಾರೆ ಅವರ ಬಗ್ಗೆ ಬರೆಯಲು ಬಂದ ನನಗೆ, ಕೂಸಿನ ಸುದ್ದಿ ಹೇಳುವ ಹಾಗೆ.

ಇಲ್ಲಿಯ ಎಣ್ಣೆ ಹರಿಯುವುದಿಲ್ಲ. ಡಾಂಬರಿನಂತೆ ಕಲ್ಲಿಗೆ ಅಂಟಿ ಕೂತಿರುತ್ತದೆ. ಈ ದ್ರವವನ್ನು ಬಿಸಿನೀರಿಗೆ ಬೆರೆಸಿ ಬಾವಿಗೆ ಇಳಿಸಿ, ಕೆಲವು ದಿನ ಬಾಯಿ ಮುಚ್ಚಿಟ್ಟರೆ ಎಣ್ಣೆ ಕಲ್ಲನ್ನು ಬಿಡುತ್ತದೆ. ಬೆರೆಸುವವರು ಬಲ್ಕಿಯಾ. ಕಚೇರಿಯ ಗೋಡೆಯ ಮೇಲಿನ ಫೋಟೋಗಳಲ್ಲಿ ಅವರಿಲ್ಲ.

ಐವತ್ತಾರರ ಬಲ್ಕಿಯಾ ಮೊದಲು ಇದೇ ಕ್ಷೇತ್ರದ ಕೆಲಸಗಾರರ ಬಟ್ಟೆ ಒಗೆಯುತ್ತಿದ್ದರು. ಒಗೆಯುವ ಯಂತ್ರ ಬಂದಾಗ ಕೆಲಸ ಹೋಯಿತು. ತರಬೇತಿ ಪಡೆದು ಈ ಶೆಡ್ಡಿಗೆ ಬಂದರು. ಹದಿನೈದು ದಿನ ಇಲ್ಲಿ, ಹದಿನೈದು ದಿನ ಮನೆಯಲ್ಲಿ. ಬೆರಳುಗಳ ಸಂದು ಬಿರಿದಿದೆ. "ಅಜ್ಜಿ ಏನ್ ಕೆಲ್ಸ ಮಾಡ್ತಾಳೆ ಅಂತ ಮೇಷ್ಟ್ರು ಕೇಳಿದ್ರಂತೆ. ಭೂಮಿ ಒಗೀತಾಳೆ ಅಂದಿದಾಳೆ ಮೊಮ್ಮಗಳು," ಎಂದು ನಗುತ್ತಾರೆ.

ಫೋರ್‌ಮನ್ ಮೆಂದಿಬಾಯ್ ಬಾಗಿಲಲ್ಲಿ ತಲೆ ಹಾಕುತ್ತಾನೆ. "ಏನಕ್ಕಾ, ಈ ಸಲಾನೂ ಬಟ್ಟಲು ತುಂಬ್ಸಿ ಕೊಟ್ಯಾ?"

"ನಿನ್ ಬಾಯಿಗೆ ತುಂಬ್ಸಿ ಕೊಡ್ತೀನಿ, ಬಾ."

ಈ ತಮಾಷೆಯ ಹಿಂದೆ ಒಂದು ನೋವಿದೆ. ಇಲ್ಲಿ ಅತಿಥಿಗೆ ಚಹಾ ಅರ್ಧ ಬಟ್ಟಲು ಹಾಕುವುದೇ ಮರ್ಯಾದೆ. ಮತ್ತೆ ಮತ್ತೆ ಹಾಕುತ್ತಿರಬೇಕು. ತುಂಬಿದ ಬಟ್ಟಲು ಮುಂದಿಟ್ಟರೆ, ಕುಡಿದು ಹೊರಡು ಎಂದರ್ಥ.

"ಹೋದ ಶರತ್ಕಾಲದಲ್ಲಿ ನನ್ನ ಬುದ್ಧಿ ಕೆಟ್ಟಿತ್ತು," ಎನ್ನುತ್ತಾರೆ ಬಲ್ಕಿಯಾ. "ಎಣ್ಣೆ ಎದ್ದು ಹೋಗ್ಲಿ ಅಂತ ತಾನೇ ನಮಗೆ ಬೇಕಿರೋದು? ಅರ್ಧರ್ಧ ಕೊಟ್ಟು ಉಪಚಾರ ಮಾಡಿದ್ರೆ ಅದ್ಯಾಕೆ ಏಳುತ್ತೆ? ತುಂಬಿದ್ದೇ ಕೊಡೋಣ ಅಂತ ಒಂದ್ ಬಾವಿಗೆ ಇದನ್ನ ಅಳತೆ ಮೀರಿ ಸುರಿದೆ."

ಎಣ್ಣೆ ಎದ್ದಿತು, ನೀರನ್ನೂ ತನ್ನೊಳಗೆ ಕಡೆದುಕೊಂಡು. "ಮಜ್ಜಿಗೆನೂ ಅಲ್ಲ, ಬೆಣ್ಣೆನೂ ಅಲ್ಲ." ತೊಟ್ಟಿಯಲ್ಲಿ ಎಷ್ಟು ಹೊತ್ತು ಇಟ್ಟರೂ ಎರಡೂ ಬೇರೆಯಾಗಲಿಲ್ಲ. ತಪ್ಪು ತನ್ನದೆಂದು ಅವರೇ ಕಚೇರಿಗೆ ಹೋಗಿ ಹೇಳಿದರು. ಬಾವಿಗೆ ಇನ್ನೊಂದೇ ಅವಕಾಶ ಸಿಕ್ಕಿತು. ಈ ಬಾರಿ ಅಳತೆಯಷ್ಟೇ ಬೆರೆಸಿದರು. ಈ ಸಲವೂ ಬೇರೆಯಾಗದಿದ್ದರೆ ಬಾವಿಗೆ ಸಿಮೆಂಟು, ಶೆಡ್ಡಿಗೆ ಬೀಗ.

ಆ ಬಾವಿಯ ಬಾಯಿ ತೆರೆದದ್ದು ಇಂದು. ಮೆಂದಿಬಾಯ್ ತಂದ ಗಾಜಿನ ಜಾಡಿಯಲ್ಲಿ ಕಂದು ರಾಡಿ. ಬಲ್ಕಿಯಾ ಅದನ್ನು ಒಲೆಯ ಪಕ್ಕದ ಬೆಚ್ಚನೆಯ ಜಾಗದಲ್ಲಿಟ್ಟು, ಅದಕ್ಕೆ ಬೆನ್ನು ಮಾಡಿ ಕೂರುತ್ತಾರೆ.

"ನೋಡಲ್ವಾ?" ಎನ್ನುತ್ತಾನೆ ಮೆಂದಿಬಾಯ್.

"ನೋಡ್ತಾ ಕೂತ್ರೆ ಹಾಲು ಉಕ್ಕುತ್ತಾ? ಚಾ ಕುಡಿ."

ಒಂಟೆಹಾಲಿನ ಚಹಾ. ಮೂವರಿಗೂ ಅರ್ಧರ್ಧ. ನನ್ನ ಗಂಡ ಈ ಕ್ಷೇತ್ರದಲ್ಲೇ ಬಾವಿ ಕೊರೆಯುತ್ತಿದ್ದ. ಕಿರಿಯ ಜೊತೆಗಾರನ ಹೆಂಡತಿಯನ್ನು ಸೊಸೆ ಎನ್ನುವುದು ಇಲ್ಲಿಯ ವಾಡಿಕೆ; ಅವನು ತೀರಿಕೊಂಡ ಮೇಲೂ ಬಲ್ಕಿಯಾ ನನ್ನನ್ನು ಹಾಗೆಯೇ ಕರೆಯುತ್ತಾರೆ. "ಬ್ರೆಡ್ಡು ತಗೋ, ಸೊಸೆ. ಬರೆಯೋರಿಗೂ ಹಸಿವಾಗುತ್ತೆ."

ಗಾಳಿ ತಗಡನ್ನು ಬಡಿಯುತ್ತದೆ. ಕೊನೆಗೆ ಮೆಂದಿಬಾಯ್ ಬಟ್ಟಲು ಕೆಳಗಿಡುತ್ತಾನೆ.

"ಅಕ್ಕಾ. ತಿರುಗು."

ಜಾಡಿಯ ನಡುವೆ ಒಂದು ಗೆರೆ. ಮೇಲೆ ಕಪ್ಪು ಎಣ್ಣೆ, ಕೆಳಗೆ ಹಳದಿ ಛಾಯೆಯ ನೀರು. ಬಲ್ಕಿಯಾ ಜಾಡಿಯನ್ನು ಬೆಳಕಿಗೆ ಹಿಡಿಯುತ್ತಾರೆ. ಮೆಂದಿಬಾಯ್ ತನ್ನ ಖಾಲಿ ಬಟ್ಟಲನ್ನು ಮುಂದೆ ತಳ್ಳುತ್ತಾನೆ.

ಇನ್ನೇನು ಆಸೆ ಎಂದು ಕೇಳುತ್ತೇನೆ.

"ಮಂಡಿ ಸೋತಿದೆ, ಇನ್ನೆಷ್ಟು ದಿನ ಇರ್ತೀನೋ. ನಾನು ಇಲ್ಲಿರೋವಾಗ ಆ ಬಾವಿ ಬಾಯಿಗೆ ಸಿಮೆಂಟ್ ಬೀಳದಿದ್ರೆ ಸಾಕು." ಜಾಡಿಯನ್ನು ಕಿಟಕಿಯ ಮೇಲಿಡುತ್ತಾರೆ. "ಎಣ್ಣೆನೂ ಅತಿಥಿನೇ ಕಣೇ. ಏಳು ಅಂತ ನಾವು ಅನ್ನಬಾರ್ದು. ಹೊತ್ತಾದಾಗ ತಾನೇ ಏಳುತ್ತೆ."

ನನ್ನ ಬಟ್ಟಲು ಬರಿದಾಗಿರುವುದನ್ನು ನೋಡಿ ಮತ್ತೆ ಚಹಾ ಹಾಕುತ್ತಾರೆ. ಅರ್ಧ.